ಕಂಬಳಿಯ ಇನ್ನೊಂದು ತುದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಯ ಮೇಲಿನ ಮಂಜು ದಡ ಹತ್ತಿ, ಶಿಬಿರದ ಮನೆಯ ಮೆಟ್ಟಿಲವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂಬಂತೆ ಅಲ್ಲೇ ಕೂತಿದೆ. ಅಂಗಳದಲ್ಲಿ ಮರದಿಂದ ಮರಕ್ಕೆ ಬಿಗಿದ ಹಗ್ಗಗಳ ಮೇಲೆ ಬೂದುಬಣ್ಣದ ಕಂಬಳಿಗಳು ನೇತಾಡುತ್ತಿವೆ. ಅವುಗಳ ನಡುವೆ ಒಂದು ಉಣ್ಣೆಯ ಟೋಪಿ ಮಾತ್ರ ಓಡಾಡುವುದು ಕಾಣುತ್ತದೆ. ಟೋಪಿ ಒಂದೊಂದು ಕಂಬಳಿಯ ಮುಂದೆಯೂ ನಿಲ್ಲುತ್ತದೆ, ಮೂಗು ತಾಗಿಸುತ್ತದೆ, ಅಂಟಿಕೊಂಡ ಹಣ್ಣೆಲೆ ಇದ್ದರೆ ಕಿತ್ತು ಕೆಳಗೆ ಹಾಕುತ್ತದೆ. ಒಂದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತು, ಅದನ್ನು ಎಳೆದುಕೊಂಡು ಹೋಗಿ, ಬಿಸಿಲು ಮೊದಲು ಬೀಳುವ ಹಗ್ಗಕ್ಕೆ ಹಾಕುತ್ತದೆ.

ಟೋಪಿಯ ಕೆಳಗಿರುವವರು ಕಂಬಳಿ ಮಾಮ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಆ ಹೆಸರು ಕರೆದರೆ ತಿರುಗಿ ನೋಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿದೆ. ಈ ಮನೆಯ ಹೊದಿಕೆಗಳನ್ನು ಒಗೆದು, ಒಣಗಿಸಿ, ನುಸಿ ಹಿಡಿಯದಂತೆ ಕಾಯುವುದು ಅವರ ಕೆಲಸ. ಎಲೆ ಉದುರುವ ಕಾಲಕ್ಕೆ ಪ್ರತಿ ವರ್ಷ ಕಾಲೇಜಿನ ಪ್ರಾರ್ಥನಾ ಬಳಗದ ಹುಡುಗ ಹುಡುಗಿಯರು ಇಲ್ಲಿಗೆ ಶಿಬಿರಕ್ಕೆ ಬರುತ್ತಾರೆ. ಇಂದು ಮಧ್ಯಾಹ್ನ ಅವರ ಬಸ್ಸು ಬರುತ್ತದೆ.

"ಬೇರೆಯವರೂ ಬರ್ತಾರೆ, ಹೊದೀತಾರೆ, ಹೋಗ್ತಾರೆ," ಎನ್ನುತ್ತಾರೆ ಮಾಮ. "ಇವರು ಮಾತ್ರ ಮಡಿಸಿಟ್ಟು ಹೋಗ್ತಾರೆ."

ಹಾಗೆ ಹೇಳುವಾಗ ಅವರ ಕಣ್ಣು ಉಗ್ರಾಣದ ಬಾಗಿಲ ಕಡೆ ಹೋಗುತ್ತದೆ. ಅಲ್ಲಿ ಕಿತ್ತಳೆ ಬಣ್ಣದ ಹೊಸ ಸ್ಲೀಪಿಂಗ್ ಬ್ಯಾಗುಗಳು ಸುರುಳಿ ಸುತ್ತಿಕೊಂಡು ಕೂತಿವೆ. ಮಾಮ ಅವುಗಳನ್ನು ಆನೆಯ ಕಾಲುಚೀಲ ಎನ್ನುತ್ತಾರೆ. ಮ್ಯಾನೇಜರು ನಮೂನೆಗೆಂದು ತರಿಸಿದ್ದಾರೆ. ಈ ಶಿಬಿರದಲ್ಲಿ ಕೆಲವರಿಗೆ ಅವನ್ನು ಕೊಟ್ಟು ನೋಡುವುದು, ಹುಡುಗರಿಗೆ ಹಿಡಿಸಿದರೆ ಮುಂದಿನ ವರ್ಷದಿಂದ ಅವೇ. ಕಂಬಳಿಗಳನ್ನು ಮನೆ ಸಾಮಾನು ಸಾಗಿಸುವ ಲಾರಿಯವರು ಕೇಳಿಟ್ಟಿದ್ದಾರೆ, ಬೀರು ಮೇಜುಗಳಿಗೆ ಸುತ್ತಲು.

ಮ್ಯಾನೇಜರು ಕೆಟ್ಟವರಲ್ಲ. ಹೊದಿಕೆಯಿಂದ ವಾಸನೆ ಬರುತ್ತದೆ ಎಂದು ಬೇಸಿಗೆಯಲ್ಲಿ ಬಂದವರೊಬ್ಬರು ದೂರು ಹೇಳಿ ಹೋಗಿದ್ದರು. ಉಣ್ಣೆಗೆ ಉಣ್ಣೆಯ ವಾಸನೆ ಇರದೆ ಇನ್ನೇನಿರುತ್ತದೆ ಎಂದು ಮಾಮ ವಾದಿಸಿದರು. ಮ್ಯಾನೇಜರು ತಲೆಯಾಡಿಸಿ, ಕಿತ್ತಳೆ ಚೀಲಗಳಿಗೆ ಫೋನ್ ಮಾಡಿದರು.

ಮಾಮ ಹುಟ್ಟಿದ್ದು ಉಣ್ಣೆ ಗಿರಣಿಯ ಗೋಡೆಗೆ ಅಂಟಿದ ಸಾಲುಮನೆಯಲ್ಲಿ. ಮೀಸೆ ಮೂಡುವ ಮೊದಲೇ ಗಿರಣಿ ಸೇರಿದರು. ನೇಯ್ದು ಬಂದ ಬಟ್ಟೆಯನ್ನು ಬಿಸಿ ಸಾಬೂನು ನೀರಿನಲ್ಲಿ ಬಡಿದು ಬಡಿದು ಕುಗ್ಗಿಸಿ ದಪ್ಪ ಮಾಡುವ ವಿಭಾಗದಲ್ಲಿ ಕೆಲಸ. ಒಂದು ದಿನ ಉರುಳೆ ಬಟ್ಟೆಯ ಜೊತೆ ಅವರ ಎಡಗೈಯನ್ನೂ ಎಳೆದುಕೊಂಡಿತು. ಕೈ ಉಳಿಯಿತು, ಭುಜ ಕೆಟ್ಟಿತು. ಆ ಕೈ ಇವತ್ತಿಗೂ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ.

ಆಮೇಲೆ ಗಿರಣಿಯೇ ಮುಚ್ಚಿತು. ಯಾವುದೋ ಹೋಟೆಲಿನವರು ಜೋಡಿ ಮಂಚಗಳಿಗೆಂದು ಹೇಳಿ ಮಾಡಿಸಿ, ಕೊನೆಗೆ ಬೇಡವೆಂದ ಭಾರೀ ಅಗಲದ ಕಂಬಳಿಗಳು ಹಾಗೇ ಉಳಿದಿದ್ದವು. ಶಿಬಿರದ ಮನೆಯವರು ಅವನ್ನು ಕೊಂಡರು, ಇವನ್ನು ನೋಡಿಕೊಳ್ಳಲು ಗೊತ್ತಿರುವ ಒಬ್ಬರೂ ಬೇಕೆಂದರು. "ಕಂಬಳಿ ಲಾರಿಯಲ್ಲೇ ನನ್ನನ್ನೂ ಹತ್ತಿಸಿದ್ರು. ಇವಳು ಮುಂದೆ ಡ್ರೈವರ್ ಪಕ್ಕ ಕೂತಿದ್ಲು, ನಾನು ಹಿಂದೆ ಕಂಬಳಿ ಮೇಲೆ. ಆ ಮುಂದಿನ ಸೀಟು ಅವಳು ಇನ್ನೂ ಬಿಟ್ಟುಕೊಟ್ಟಿಲ್ಲ," ಎಂದು ನಗುತ್ತಾರೆ. ಇವಳು ಎಂದರೆ ಹೆಂಡತಿ. ಶಿಬಿರದ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಸುತ್ತಲಿನವರ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅವರ ಕಸುಬು.

ಕಂಬಳಿ ಒಗೆಯಲು ಮಾಮ ಯಂತ್ರ ಮುಟ್ಟುತ್ತಿರಲಿಲ್ಲ. ತೊಟ್ಟಿಯಲ್ಲಿ ತಣ್ಣೀರು ತುಂಬಿಸಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಒಳಗಿಳಿದು ತುಳಿಯುವುದು. ಹಿಂಡುವಂತಿಲ್ಲ. ಮರದ ಪಟ್ಟಿಗಳ ಮೇಲೆ ಹರಡಿ ನೀರು ತಾನಾಗಿ ಇಳಿದುಹೋಗುವವರೆಗೆ ಕಾಯಬೇಕು. ನೆನೆದ ಕಂಬಳಿ ಒಂದು ಕರುವಿನಷ್ಟು ತೂಗುತ್ತದೆ. ಚಳಿ ಬಿದ್ದ ಮೇಲೆ ತೊಟ್ಟಿಯಿಂದ ಬಂದ ಮಾಮನ ಪಾದಗಳು ಮಧ್ಯಾಹ್ನದವರೆಗೂ ತಮ್ಮವೆಂದು ಅವರಿಗೆ ಅನಿಸುವುದಿಲ್ಲ.

ಒಗೆಯುವುದಾದರೂ ಒಬ್ಬರೇ ಮಾಡಬಹುದು, ಮಡಿಸುವುದು ಆಗದು. ಅಷ್ಟು ಅಗಲ, ಜೊತೆಗೆ ಮೇಲೇಳದ ಕೈ. ಇನ್ನೊಂದು ತುದಿಗೆ ಯಾವಾಗಲೂ ಹೆಂಡತಿಯೇ. ಆದರೆ ಬಹಳ ಹಿಂದೆ ಒಂದು ಶಿಬಿರದ ಕೊನೆಯ ಬೆಳಿಗ್ಗೆ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿದ್ದರು. ಎಲ್ಲರೂ ಬಸ್ಸು ಹತ್ತಿಯಾಗಿತ್ತು. ಮಲಗುವ ಹಜಾರದಲ್ಲಿ ಇಬ್ಬರು ಹುಡುಗಿಯರು ಮಾತ್ರ ಉಳಿದಿದ್ದರು, ಒಬ್ಬಳು ಈ ಕಿಟಕಿಯಲ್ಲಿ, ಇನ್ನೊಬ್ಬಳು ಆ ಕಿಟಕಿಯಲ್ಲಿ. ಹಾಡು ಯಾರು ನಡೆಸಬೇಕು ಎಂಬುದಕ್ಕೆ ಮೊದಲ ದಿನವೇ ಜಗಳವಾಡಿ ಮಾತು ಬಿಟ್ಟಿದ್ದರು. ಅವಳು ಹತ್ತಲಿ, ಆಮೇಲೆ ನಾನು ಎಂದು ಇಬ್ಬರೂ ಕಾಯುತ್ತಿದ್ದರು. ಮಾಮನಿಗೆ ಆಗ ಇದೇನೂ ಗೊತ್ತಿರಲಿಲ್ಲ.

"ಸುಮ್ನೆ ನಿಂತಿದ್ರು, ಕರೆದೆ. ಹೀಗೆ ಬನ್ನಿ ಮಕ್ಕಳೇ, ಆಳಿಗೆ ಎರಡು ಮೂಲೆ ಹಿಡೀರಿ ಅಂದೆ. ಅಷ್ಟೇ ನಾನು ಮಾಡಿದ್ದು."

ಕಂಬಳಿ ಮಡಿಸುವುದೆಂದರೆ ದೂರದಿಂದ ಆಗುವ ಕೆಲಸವಲ್ಲ. ಎಳೆದು ಬಿಗಿ ಮಾಡಬೇಕು. ಇಬ್ಬರೂ ಒಟ್ಟಿಗೆ ಒದರಬೇಕು. ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು, ಮೂಲೆಗೆ ಮೂಲೆ ಕೂಡಿಸಿ, ಕೈಯಿಂದ ಕೈಗೆ ಕೊಡಬೇಕು. ಬಗ್ಗಿ ಮಡಿಕೆ ಹಿಡಿದು ಮತ್ತೆ ಹಿಂದೆ ಸರಿಯಬೇಕು, ಮತ್ತೆ ಬರಬೇಕು. ಮೊದಲ ಕಂಬಳಿಗೆ ಆ ಹುಡುಗಿಯರು ಬಾಯಿ ಬಿಡಲಿಲ್ಲ. ಎರಡನೆಯದಕ್ಕೆ ಒಬ್ಬಳು, ನಿನ್ನ ಕಡೆ ಸೊಟ್ಟಗಿದೆ ಎಂದಳು. ಮುಂದೆ ಎಲ್ಲೋ ಒಂದು ಕಡೆ ಇಬ್ಬರೂ ಅಳುತ್ತಿದ್ದರು. ಬಸ್ಸಿನ ಹಾರನ್ ಕೂಗಿ ಕೂಗಿ ಸುಸ್ತಾಯಿತು. ಧೂಳು ಕಣ್ಣಿಗೆ ಹೋಯಿತೇನೋ, ಇನ್ನು ಚೆನ್ನಾಗಿ ಒದರಿಡಬೇಕು ಅಂದುಕೊಂಡರಂತೆ ಮಾಮ.

ಆ ಇಬ್ಬರಲ್ಲಿ ಒಬ್ಬಳು ಈಗ ಅದೇ ಕಾಲೇಜಿನ ಪಾಸ್ಟರಮ್ಮ. ಆ ಜಗಳದ ಮರುವರ್ಷವೇ ಬಳಗಕ್ಕೆ ಈ ಪದ್ಧತಿ ಬಂತು: ಕೊನೆಯ ಬೆಳಿಗ್ಗೆ, ಶಿಬಿರದಲ್ಲಿ ಯಾರ ಜೊತೆ ಕಡಿಮೆ ಮಾತಾಡಿದ್ದೀರೋ ಅವರ ಜೊತೆ ಕಂಬಳಿ ಮಡಿಸಬೇಕು. "ನಾನು ಇಷ್ಟು ವರ್ಷ ಇಲ್ಲಿ ದೇವರ ವಾಕ್ಯದ ಪ್ರಸಂಗ ಮಾಡಿದ್ದೀನಿ," ಎನ್ನುತ್ತಾರೆ ಅವರು. "ಹಳೇ ವಿದ್ಯಾರ್ಥಿಗಳು ಸಿಕ್ಕಿದಾಗ ಒಬ್ಬರೂ ಅದನ್ನ ನೆನೆಸಲ್ಲ. ಅಕ್ಕಾ, ಕಂಬಳಿ ಮಾಮ ಹೇಗಿದ್ದಾರೆ ಅಂತ ಕೇಳ್ತಾರೆ. ಮೊದಮೊದಲು ಬೇಜಾರಾಗ್ತಿತ್ತು." ನರ್ಸ್ ಆಗಿರುವ ಒಬ್ಬಳು ಈಗಲೂ ಸಿಡುಕಿನ ಮೇಲ್ವಿಚಾರಕಿಯನ್ನೇ ಹುಡುಕಿ ಹಾಸಿಗೆ ಬಟ್ಟೆ ಮಡಿಸಲು ಕರೆಯುತ್ತಾಳಂತೆ. ಇಲ್ಲೇ ಪರಿಚಯವಾಗಿ ಮದುವೆಯಾದ ಜೋಡಿಯೊಂದಿದೆ. ಅವರ ಮನೆಯಲ್ಲಿ ಜಗಳವಾದರೆ ಮೊದಲು ಸೋತವರು ದುಪ್ಪಟಿ ತರುತ್ತಾರಂತೆ.

ಇದನ್ನೆಲ್ಲ ಕೇಳಿ ಮಾಮ ಟೋಪಿ ಸರಿಪಡಿಸಿಕೊಳ್ಳುತ್ತಾರೆ. ಹೆಮ್ಮೆಯಾದಾಗ ಅವರ ಕೈ ಟೋಪಿಗೆ ಹೋಗುತ್ತದೆ.

ಈ ವರ್ಷ ಆ ಹೆಮ್ಮೆಯೇ ಅವರ ಕಾಲಿಗೆ ತೊಡರಿತು. ವಾಸನೆಯ ದೂರು ಮನಸ್ಸಿಗೆ ಚುಚ್ಚಿತ್ತು. ಶಿಬಿರಕ್ಕೆ ಮೂರು ವಾರವಿರುವಾಗ, ಒಂದು ವಾಸನೆಯೂ ಉಳಿಯದ ಹಾಗೆ ತೊಳೆದು ತೋರಿಸುತ್ತೇನೆ ಎಂದು ಕಂಬಳಿಗಳನ್ನು ದೊಡ್ಡ ಒಗೆಯುವ ಯಂತ್ರಕ್ಕೆ ತುಂಬಿದರು, ಅದೂ ಬಿಸಿನೀರಿಗೆ. ಹೆಂಡತಿ ಬಾಗಿಲಲ್ಲಿ ನಿಂತು ಬೇಡ ಎಂದರು, ಉಣ್ಣೆ ಕುಗ್ಗುತ್ತದೆ ಎಂದರು. ಮಾಮ ಗಿರಣಿಯ ಗತ್ತಿನಲ್ಲೇ ಉತ್ತರ ಕೊಟ್ಟರು: "ಉಣ್ಣೆ ವಿಷಯ ನನಗೆ ಹೇಳಬೇಡ. ಇವನ್ನ ನಾನೇ ಗಿರಣೀಲಿ ಕುಗ್ಗಿಸಿ ಕಳಿಸಿದ್ದು. ಕುಗ್ಗಿದ್ದು ಮತ್ತೆ ಕುಗ್ಗಲ್ಲ."

ಕುಗ್ಗಿತು. ಜೋಡಿ ಮಂಚದ ಕಂಬಳಿ ಹೊರಗೆ ಬಂದಾಗ ತೊಟ್ಟಿಲಿಗೆ ಸರಿಯಾಗಿತ್ತು. ಮುಟ್ಟಿದರೆ ಕಾಲೊರಸಿನ ಹಾಗೆ ಗಡಸು. ಮೊದಲ ಸರತಿಯನ್ನು ಬಿಡಿಸಿ ನೋಡದೆ ಎರಡನೆಯದನ್ನೂ ಹಾಕಿಬಿಟ್ಟಿದ್ದರು, ಅಷ್ಟು ಧೈರ್ಯ. ಆ ದಿನ ಮಾಮ ಊಟಕ್ಕೆ ಏಳಲಿಲ್ಲ. ಮ್ಯಾನೇಜರು ಬಂದು ರಾಶಿ ನೋಡಿ ಏನೂ ಅನ್ನದೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಮಾಮ.

ಹೆಂಡತಿಯೂ ಬೈಯಲಿಲ್ಲ, ಮಾತು ನಿಲ್ಲಿಸಿದರು. ಹೇಳಲೇಬೇಕಾದ್ದನ್ನು ಹೊಲಿಗೆ ಯಂತ್ರಕ್ಕೆ ಹೇಳತೊಡಗಿದರು: ಯಾರಿಗೋ ಹಸಿವಾಗಿದ್ದರೆ ಅಡುಗೆ ಆಗಿದೆ, ಯಾರದೋ ಟೋಪಿ ಮಂಚದ ಕೆಳಗಿದೆ. ಹಾಗೆ ಹೇಳುತ್ತಲೇ ಕುಗ್ಗಿದ ಕಂಬಳಿಗಳನ್ನು ಒಂದೊಂದಾಗಿ ಎಳೆದುಕೊಂಡು, ಅಂಚು ನೇರ ಮಾಡಿ, ಒಂದಕ್ಕೊಂದು ಜೋಡಿಸಿ ಕೆಂಪು ದಾರದಲ್ಲಿ ಹೊಲಿದರು. ದಪ್ಪಕ್ಕೆ ಯಂತ್ರದ ಸೂಜಿ ಮುರಿಯಿತು. ಉಳಿದದ್ದನ್ನು ಕೈಯಲ್ಲೇ ಹೊಲಿದರು. ಶಿಬಿರದ ಹೊತ್ತಿಗೆ ಕಂಬಳಿಗಳು ಮತ್ತೆ ಅಗಲವಾಗಿದ್ದವು. ನಡುವೆ ಒಂದು ಕೆಂಪು ಗೆರೆ, ಅಷ್ಟೆ.

ಮಧ್ಯಾಹ್ನ ಬಸ್ಸು ಬರುತ್ತದೆ. ಹಜಾರ ಗದ್ದಲದಿಂದ ತುಂಬುತ್ತದೆ. ಕಿತ್ತಳೆ ಚೀಲಗಳಿಗೆ ನೂಕುನುಗ್ಗಲು. ಮರುದಿನ ಬೆಳಿಗ್ಗೆ ಕೇಳಿದರೆ ಚೀಲ ಸಿಕ್ಕವರೆಲ್ಲ ಬೆಚ್ಚಗಿತ್ತು ಎನ್ನುತ್ತಾರೆ, ಚುಚ್ಚಲಿಲ್ಲ ಎನ್ನುತ್ತಾರೆ. ಮಾಮನಿಗೆ ಅದು ಕೇಳಿಸುತ್ತದೆ. ಮ್ಯಾನೇಜರಿಗೂ ಕೇಳಿಸುತ್ತದೆ. ಸುಳ್ಳೇನಲ್ಲವಲ್ಲ, ಎಂದು ಮಾಮ ತೊಟ್ಟಿಯ ಕಡೆ ಹೋಗುತ್ತಾರೆ.

ಆದರೂ ಬೆಳಗಿನ ಪ್ರಾರ್ಥನೆಗೆ ಕೆರೆಯ ದಡಕ್ಕೆ ಹೋಗುವಾಗ ಉಳಿದವರು ಇಬ್ಬಿಬ್ಬರು ಒಂದು ಕಂಬಳಿ ಹೊದ್ದು ನಡೆದರೆ, ಚೀಲದವನೊಬ್ಬ ಅದರೊಳಗಿಂದ ಹೊರಬರಲು ಮನಸ್ಸಾಗದೆ ಕುಪ್ಪಳಿಸಿಕೊಂಡೇ ಹೋಗುತ್ತಾನೆ. ಮೆಟ್ಟಿಲ ಬಳಿ ಮಗುಚಿ ಬೀಳುತ್ತಾನೆ. ಅಂದಿನ ಪ್ರಾರ್ಥನೆ ತಡವಾಗಿ ಶುರುವಾಗುತ್ತದೆ, ಪಾಸ್ಟರಮ್ಮನ ನಗು ನಿಲ್ಲಬೇಕಲ್ಲ.

ಕೊನೆಯ ಬೆಳಿಗ್ಗೆ ಮ್ಯಾನೇಜರು ಹಜಾರದ ಬಾಗಿಲಿಗೆ ಒರಗಿ ನಿಂತಿದ್ದಾರೆ. ಹುಡುಗರು ಜೋಡಿ ಹುಡುಕುತ್ತಿದ್ದಾರೆ. ಇದು ಸುಲಭದ ಹೊತ್ತಲ್ಲ. ನಿನ್ನ ಜೊತೆ ನಾನು ಮಾತಾಡಲೇ ಇಲ್ಲ ಎಂದು ಎದುರಿಗೆ ಹೋಗಿ ನಿಲ್ಲಬೇಕು. ಸ್ವಲ್ಪ ಹೊತ್ತು ಎಲ್ಲರೂ ತಮ್ಮ ಚಪ್ಪಲಿ ನೋಡುತ್ತಾರೆ. ಆಮೇಲೆ ಒಬ್ಬ, ಇನ್ನೊಬ್ಬಳು, ಕಂಬಳಿಗಳು ಗಾಳಿಯಲ್ಲಿ ಏಳುತ್ತವೆ. ಕೆಂಪು ಹೊಲಿಗೆ ಇರುವವು ಮೊದಲೇ ಖಾಲಿ. ನಡು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ, ಗೆರೆಗೆ ಸರಿಯಾಗಿ ಮಡಿಸಿದರಾಯಿತು ಎಂದು ಹುಡುಗಿಯರು ಕಂಡುಕೊಂಡಿದ್ದಾರೆ.

ಚೀಲದವರು ತಮ್ಮದನ್ನು ಆಗಲೇ ಸುತ್ತಿ ಗಂಟು ಹಾಕಿ ಗೋಡೆಗೆ ಇಟ್ಟಾಗಿದೆ. ಬರಿಗೈಯಲ್ಲಿ ನಿಂತಿದ್ದಾರೆ. ಅವರಲ್ಲಿ ಒಬ್ಬಳು, ಶಿಬಿರದುದ್ದಕ್ಕೂ ಒಂಟಿಯಾಗಿ ಊಟಕ್ಕೆ ಕೂರುತ್ತಿದ್ದವಳು, ಮಾಮನ ಹತ್ತಿರ ಬರುತ್ತಾಳೆ.

"ಮಾಮ, ನನ್ನದಕ್ಕೆ ಯಾರೂ ಬೇಕಾಗಲಿಲ್ಲ," ಎನ್ನುತ್ತಾಳೆ. "ನಿಮ್ಮ ಹತ್ರ ಹೆಚ್ಚಿಗೆ ಕಂಬಳಿ ಇದೆಯಾ?"

ಮಾಮ ಉಗ್ರಾಣಕ್ಕೆ ಹೋಗಿ, ಮಡಿಸಿ ಅಟ್ಟಿಯಿಟ್ಟ ಕಂಬಳಿಗಳನ್ನು ತಂದು, ಒದರಿ ಬಿಚ್ಚಿ ಚೀಲದವರಿಗೆಲ್ಲ ಹಂಚುತ್ತಾರೆ. ಆ ಹುಡುಗಿಗೆ ಎದುರು ತುದಿ ಹಿಡಿಯಲು ಕುಪ್ಪಳಿಸಿ ಬಿದ್ದ ಹುಡುಗ ಬರುತ್ತಾನೆ. ಆ ದಿನ ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀನೇ ಅಲ್ವಾ, ಎಂದು ಕೇಳುತ್ತಾನೆ. ಹೌದು ಎನ್ನುತ್ತಾಳೆ. ಇಬ್ಬರೂ ಒದರುತ್ತಾರೆ.

ಮ್ಯಾನೇಜರು ಎಲ್ಲ ಮುಗಿಯುವವರೆಗೆ ನಿಂತು ನೋಡಿ, ಹೋಗುವಾಗ ಮಾಮನ ಹತ್ತಿರ ನಿಲ್ಲುತ್ತಾರೆ. ಚೀಲಗಳು ಬೇಸಿಗೆಯವರಿಗೆ ಇರಲಿ ಎನ್ನುತ್ತಾರೆ. ಲಾರಿಯವರಿಗೆ ಇಲ್ಲ ಎಂದು ಹೇಳಿಬಿಡುತ್ತೇನೆ ಎನ್ನುತ್ತಾರೆ. "ಆದ್ರೆ ಮಾಮ, ಆ ಯಂತ್ರದ ಹತ್ರ ಹೋಗಬೇಡಿ."

ಬಸ್ಸು ಹೊರಡುತ್ತದೆ. ಕಿಟಕಿಗಳಿಂದ ಕೈಗಳು ಬೀಸುತ್ತವೆ. ಹಜಾರದಲ್ಲಿ ಒಂದು ಕಂಬಳಿ ಮಾತ್ರ ಬಿಚ್ಚಿಕೊಂಡು ಬಿದ್ದಿದೆ. ಕೊನೆಯದನ್ನು ಮಾಮ ಹುಡುಗರಿಗೆ ಕೊಡುವುದಿಲ್ಲ. ಅದು ಪ್ರತಿ ವರ್ಷ ಗಂಡ ಹೆಂಡತಿಯ ಪಾಲು. ಹೆಂಡತಿ ಹಿಂದಿನ ಬಾಗಿಲಿಂದ ಬಂದು, ಯಾರ ಮುಖವನ್ನೂ ನೋಡದೆ, ತಮ್ಮ ಎರಡು ಮೂಲೆ ಹಿಡಿಯುತ್ತಾರೆ. ಎಳೆಯುತ್ತಾರೆ. ಮಾಮನ ಎಡಗೈ ಎದೆಯವರೆಗೆ ಎದ್ದು ನಿಲ್ಲುತ್ತದೆ. ಹೆಂಡತಿಯ ಕೈ, ಯಾರೂ ಹೇಳದೆ, ತಾನೂ ಅಷ್ಟಕ್ಕೇ ಇಳಿಯುತ್ತದೆ. ಇಷ್ಟು ವರ್ಷವೂ ಅವರು ಹಾಗೇ ಹಿಡಿದದ್ದು.

ಇಬ್ಬರೂ ನಡೆದು ಬರುತ್ತಾರೆ. ಮೂಲೆಗೆ ಮೂಲೆ ಕೂಡುತ್ತದೆ.

"ನೀನು ಹೇಳಿದ್ದೇ ಸರಿ," ಎನ್ನುತ್ತಾರೆ ಮಾಮ, ತಗ್ಗಿದ ದನಿಯಲ್ಲಿ. "ಕುಗ್ಗಿದ್ದೂ ಕುಗ್ಗುತ್ತೆ."

ಹೆಂಡತಿ ಬಗ್ಗಿ ಮಡಿಕೆ ಹಿಡಿದು ಹಿಂದೆ ಸರಿಯುತ್ತಾರೆ. ಕೆಂಪು ಹೊಲಿಗೆ ನೇರವಾಗಿ ಬಂದಿದೆಯೇ ಎಂದು ಕಣ್ಣಳತೆ ನೋಡುತ್ತಾರೆ. ಬಂದಿದೆ.

ಮುಂದೇನು ಆಸೆ ಎಂದು ಕೇಳಿದರೆ ಮಾಮ ಅಟ್ಟಿಯ ಮೇಲೆ ಕೈಯಿಟ್ಟು ಯೋಚಿಸುತ್ತಾರೆ. "ಎಲೆ ಉದುರೋ ಹೊತ್ತಿಗೆ ಬಸ್ಸು ಬರಲಿ. ಆ ತುದಿ ಹಿಡಿಯೋಕೆ ಒಬ್ಬರಿರಲಿ. ಇನ್ನೇನು ಬೇಕು?"

"ತೊಟ್ಟೀಲಿ ತಣ್ಣೀರಿರಲಿ ರೀ," ಎನ್ನುತ್ತಾರೆ ಹೆಂಡತಿ. ಈ ಸಲ ಹೊಲಿಗೆ ಯಂತ್ರಕ್ಕಲ್ಲ, ನೇರವಾಗಿ ಅವರಿಗೇ.

ಮಾಮನ ಕೈ ಟೋಪಿಗೆ ಹೋಗುತ್ತದೆ.