ಹಂಚಿ ತಿಂದ ಮಾತ್ರೆ

ತೆಲೆಸಿಯಾ ನೆಲ ಬಿಟ್ಟು ಏಳುವುದೇ ಗ್ಯಾರೇಜಿನಲ್ಲಿ ಜೊತೆಗೆ ಕೂತು ಚಾಪೆ ಹೆಣೆಯುವ ಹೆಂಗಸರಿಗೆ ತಮಾಷೆಯಾಗಿತ್ತು. ಮೊದಲು ಕೈ, ಆಮೇಲೆ ಮಂಡಿ, ಆಮೇಲೆ ದೇವರ ಹೆಸರು.

"ಅಕ್ಕಾ, ಕ್ರೇನ್ ತರ್ಸ್ಲಾ?" ತಮ್ಮನ ಹೆಂಡತಿ ಕಾಲೊ ಕೇಳುತ್ತಿದ್ದಳು.

"ಮೊದ್ಲು ನಿನಗೆ ತರ್ಸ್ಕೊಳೇ, ನೀನೇನ್ ಗುಬ್ಬಿ ಮರಿನಾ?"

ಎಲ್ಲರೂ ನಗುತ್ತಿದ್ದರು. ತೊಡೆಯೊಳಗಿನ ನೋವು ಮಾತ್ರ ವಾರ ವಾರಕ್ಕೂ ಆಳಕ್ಕಿಳಿಯುತ್ತಿತ್ತು.

ಟೋಂಗಾದಲ್ಲಿ ಹುಡುಗಿಯಾಗಿದ್ದಾಗ ಅವಳು ಕಡಲ ದಂಡೆಯ ಬಿಸಿಲಲ್ಲಿ ಕೇದಗೆ ಗರಿ ಒಣಗಿಸುತ್ತಿದ್ದಳು. ಈಗ ಅವಳಿರುವ ಆಕ್ಲೆಂಡಿಗೆ ಗರಿ ಒಣಗಿಯೇ ಬರುತ್ತಿತ್ತು. ಅವಳು ಬೆಳಗಿನಿಂದ ಸಂಜೆಯವರೆಗೆ ಗ್ಯಾರೇಜಿನ ನೆರಳಲ್ಲಿ ಕೂತು ಚಾಪೆ ಹೆಣೆಯುತ್ತಿದ್ದಳು. ಈ ಸಲದ ಚಾಪೆ ಮೊಮ್ಮಗಳ ಮದುವೆಗೆ. ಅದನ್ನು ತಾನೇ ಹೊತ್ತು ಚರ್ಚಿನೊಳಗೆ ನಡೆಯಬೇಕು. ಅವಳು ದೇವರಲ್ಲಿ ಬೇಡುತ್ತಿದ್ದದ್ದು ಅಷ್ಟೇ.

ಕ್ಲಿನಿಕ್ಕಿನ ನರ್ಸ್ ಸೆಯಿನಿ ಅವರ ಚರ್ಚಿನ ಹುಡುಗಿಯೇ. "ಅಮ್ಮಾ, ಡಿ ವಿಟಮಿನ್ ತೀರಾ ಕಡ್ಮೆ ಇದೆ. ಮೈ ದೊಡ್ಡದಿದ್ರೆ ಅದು ಕೊಬ್ಬಲ್ಲೇ ಅವಿತ್ಕೊಂಡು ಕೂರುತ್ತೆ, ರಕ್ತಕ್ಕೆ ಬರೋದು ಕಮ್ಮಿ. ಅದಕ್ಕೇ ಡಾಕ್ಟ್ರು ನಿಮಗೆ ಮಾತ್ರೆ ಜಾಸ್ತಿ ಬರ್ದಿರೋದು. ಬಿಟ್ರೆ ಮೂಳೆ ಮೆತ್ತಗಾಗುತ್ತೆ. ಇದು ನಿಮ್ಗೊಬ್ರಿಗೇ, ಆಯ್ತಾ?"

"ಆಯ್ತು ಮಗಾ."

ಆದರೆ ಚಹಾದ ಹೊತ್ತಿಗೆ ಸೀಸೆ ಹೊರಬಂದಾಗ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು.

"ನನ್ ಮಂಡಿನೂ ನೋಯುತ್ತಲ್ಲಕ್ಕಾ," ಎಂದಳು ಕಾಲೊ.

ನಾಲ್ಕು ಜನರ ಮುಂದೆ ಒಬ್ಬಳೇ ಬಾಯಿಗೆ ಹಾಕಿಕೊಳ್ಳುವುದು ತೆಲೆಸಿಯಾಳ ಜನ್ಮಕ್ಕೇ ಬಾರದ ಮಾತು. ಬ್ರೆಡ್ಡಿನ ತಟ್ಟೆಯ ಹಿಂದೆಯೇ ಸೀಸೆಯೂ ಸುತ್ತು ಬಂತು. ತಿಂಗಳ ಮಾತ್ರೆ ವಾರದೊಳಗೆ ತೀರಿತು. ಮುಂದಿನ ತಿಂಗಳೂ ಹಾಗೆಯೇ.

ಮತ್ತೆ ರಕ್ತ ಪರೀಕ್ಷೆ ನೋಡಿದ ಸೆಯಿನಿ ಹುಬ್ಬು ಗಂಟಿಕ್ಕಿದಳು. "ಏರೇ ಇಲ್ವಲ್ಲಮ್ಮಾ. ಮಾತ್ರೆ ತಿಂತಿದ್ದೀರಾ?"

"ತಿಂತೀನಿ."

ಸುಳ್ಳಲ್ಲ. ಆದರೂ ಆ ರಾತ್ರಿಯ ಪ್ರಾರ್ಥನೆಯಲ್ಲಿ ಅವಳ ನಾಲಿಗೆ ತಡವರಿಸಿತು.

ಮದುವೆಯ ಹಿಂದಿನ ದಿನ ಚಾಪೆ ಮುಗಿಯಿತು. ಹೊಸ ಸೀಸೆ ಅವಳ ಮಡಿಲಲ್ಲಿತ್ತು. 'ಇವತ್ತೊಂದಿನ ಕೊಡಬಾರದು' ಎಂದುಕೊಂಡಳು. ಹೆಂಗಸರು ಚಹಾ ಹಿಡಿದು ಕಾದಿದ್ದರು, ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಚುಚ್ಚಿತು. ಅವಳು ಮುಚ್ಚಳ ತಿರುಗಿಸಿ ಸೀಸೆಯನ್ನು ಕಾಲೊಳತ್ತ ದಾಟಿಸಿದಳು.

ಆಮೇಲೆ ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿಕೊಂಡಳು. ನಾಳೆ ಚರ್ಚಿನಲ್ಲಿ ನಡೆಯುವುದನ್ನು ಇವತ್ತೇ ನಡೆದು ನೋಡಬೇಕಿತ್ತು. ಕೈ ಊರಿದಳು, ಮಂಡಿ ಊರಿದಳು, ದೇವರ ಹೆಸರು ಹೇಳಿದಳು.

ತೊಡೆಯ ಮೂಳೆಯಲ್ಲಿ ಒಣ ಗರಿ ಸೀಳಿದಂಥ ಸದ್ದಾಯಿತು.

"ಅಕ್ಕಾ, ಕ್ರೇನ್..." ಎನ್ನುತ್ತ ನಗುತ್ತಿದ್ದ ಕಾಲೊ ಚಹಾ ಬಿಟ್ಟು ಹತ್ತಿರ ಓಡಿದಳು. ತೊಡೆ ಹಿಡಿದುಕೊಂಡು ಬಿದ್ದಿದ್ದ ತೆಲೆಸಿಯಾಗೆ ಏಳಲಾಗಲಿಲ್ಲ. ಹೆಗಲಿಂದ ಜಾರಿದ ಚಾಪೆ ಬಾಗಿಲ ತನಕ ತಾನಾಗಿಯೇ ಬಿಚ್ಚಿಕೊಂಡು ಹೋಯಿತು.