ಬೋನಣ್ಣ ಕಂಟ್ರೋಲ್‌ನಲ್ಲಿದ್ದಾನೆ

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರ್ತಿತ್ತು. ಉಳಿದ ದಿನವೆಲ್ಲಾ ಅವನು ಬೋನಣ್ಣ. ಮೆಡಿಕಲ್ ಕಾಲೇಜಿನ ಹಿಂಭಾಗದಲ್ಲಿ ಇಲಿ ಸಾಕೋ ಒಂದು ಉದ್ದನೆ ಕೋಣೆ ಇತ್ತು. ಅಲ್ಲಿನ ಬೋನು ತೊಳೆಯೋದು, ಮರದ ಹೊಟ್ಟು ಬದಲಾಯಿಸೋದು, ನೀರಿನ ಬಾಟಲಿ ತುಂಬೋದು ಅವನ ಕೆಲಸ. ಮೂಗು ಎಷ್ಟು ಚುರುಕು ಅಂತೀರಿ? ಇಲಿಗೆ ನೆಗಡಿ ಆಗೋಕೆ ಮುಂಚೆ ಇವನಿಗೆ ಸೀನು ಬರ್ತಿತ್ತು. ಒಂದ್ಸಲ ಇವನು ಸೀನಿದ ರಭಸಕ್ಕೆ ಅಷ್ಟೂ ಇಲಿಗಳು ಬಾಲ ನೆಟ್ಟಗೆ ಮಾಡಿ ನಿಂತ್ವಂತೆ, ಮೇಷ್ಟ್ರು ಬಂದಾಗ ಮಕ್ಕಳು ಎದ್ದು ನಿಂತ ಹಾಗೆ. ನಂಬೋರು ನಂಬಿ, ಬಿಡೋರು ಬಿಡಿ. ಸೀನಿದ್ದಂತೂ ನಿಜ.

ಮೊದಲು ಅವನು ಅದೇ ಕಾಲೇಜಿನ ಗೇಟು ಕಾಯ್ತಿದ್ದ. ಆಗ ತಲೆಯೊಳಗೆ ಒಂದು ದನಿ ಬಂದು ಠಿಕಾಣಿ ಹೂಡ್ತು. ಹೊತ್ತಿಲ್ಲ ಗೊತ್ತಿಲ್ಲ, ಬರೀ ಮಾತು. "ಆ ಕಾರಿಗೆ ಇನ್ನೊಂದು ಸಲ್ಯೂಟ್ ಹೊಡಿ" ಅಂದ್ರೆ ಇವನು ಹೊಡೀತಿದ್ದ. ಕೊನೆಗೆ ಪ್ರಿನ್ಸಿಪಾಲರ ಕಾರನ್ನೇ "ಒಳಗೆ ಬಿಡಬೇಡ" ಅಂತು, ಇವನು ಬಿಡಲಿಲ್ಲ. ಆಮೇಲೆ ಇನ್ನೇನು, ಮನೋರೋಗದ ಡಾಕ್ಟ್ರು, ಮಾತ್ರೆ. ಮಾತ್ರೆಗೆ ದನಿ ಬಾಲ ಮುದುರಿಕೊಂಡು ಹೋಯ್ತು. ಗೇಟಿನ ಗಲಾಟೆ ಬೇಡ ಅಂತ ಇವನನ್ನ ಇಲಿ ಕೋಣೆಗೆ ಹಾಕಿದ್ರು. ತೋರಿಸೋಕೆ ಹೋದಾಗೆಲ್ಲಾ ಡಾಕ್ಟ್ರು ಬೆನ್ನು ತಟ್ಟಿ ಹೇಳೋದು ಒಂದೇ ಮಾತು: "ಎಲ್ಲಾ ಕಂಟ್ರೋಲ್‌ನಲ್ಲಿದೆ."

ತಲೆ ತಣ್ಣಗಾದ ಮೇಲೆ ಮದುವೆ ಆಯ್ತು. ಹೆಂಡತಿ ಟೈಲರು, ಅವಳ ಬಾಯಿ ಕತ್ತರಿಗಿಂತ ಹರಿತ. ಮಾತ್ರೆ ವಿಷಯ ಮೊದಲೇ ಹೇಳಿದ್ದ. "ನಮ್ಮಪ್ಪ ಯಾವ ಕಾಯಿಲೆನೂ ಇಲ್ಲದೆ ಹುಚ್ಚಾಡ್ತಿದ್ರು, ನೀವೇ ವಾಸಿ" ಅಂತ ಒಪ್ಪಿಕೊಂಡಿದ್ದಳು. ಇಬ್ಬರಿಗೂ ಮಗು ಬೇಕು. ವರ್ಷಗಳು ಉರುಳಿದ್ವು, ಮಗು ಬರಲಿಲ್ಲ. ಅವಳ ಪರೀಕ್ಷೆ ಎಲ್ಲಾ ಸರಿ ಬಂತು. ಇವನು ಮಾತ್ರ "ನೋಡೋಣ, ನೋಡೋಣ" ಅಂತ ಜಾರಿಕೊಳ್ತಿದ್ದ.

ಹೀಗಿರುವಾಗ ಇಲಿ ಕೋಣೆಗೆ ಸಂಶೋಧನೆ ಮಾಡೋ ಮೇಡಂ ಒಬ್ಬರು ಬಂದ್ರು. ಬೋನಣ್ಣ ತಗೊಳ್ತಿದ್ದಂಥ ಮಾತ್ರೆ ಗಂಡಿಲಿಯ ಬೀಜಕ್ಕೆ ಏನು ಮಾಡುತ್ತೆ ಅಂತ ನೋಡೋದು ಅವರ ಕೆಲಸ. ಬೀಜ ಅಂದ್ರೆ ಹೊಲಕ್ಕೆ ಹಾಕೋದಲ್ಲ, ನಿಮಗೆ ಗೊತ್ತಲ್ಲ. ಔಷಧಿ ಹೆಸರು ಕೇಳಿ ಬೋನಣ್ಣನ ಕಿವಿ ನೆಟ್ಟಗಾಯ್ತು. ಅದರದೇ ಚೀಟಿ ಅವನ ಅಂಗಿ ಜೇಬಲ್ಲಿತ್ತು. ಮೊದಲ ತಂಡದ ಇಲಿಗಳನ್ನ ಕೊಯ್ದು ನೋಡಿದ ದಿನ, ಪಕ್ಕದ ಕೋಣೆಯಲ್ಲಿ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ತಮ್ಮ ವಿದ್ಯಾರ್ಥಿನಿಗೆ ಹೇಳಿದ್ದು ಕೇಳಿಸ್ತು: "ಕಂಟ್ರೋಲ್ ಇಲಿಗಳ ಬೀಜ ತುಂಬಿಕೊಂಡು ಚೆನ್ನಾಗಿದೆ. ಉಳಿದವುಗಳದ್ದು ಸೊರಗಿದೆ."

ಬೋನಣ್ಣನಿಗೆ ಹೋದ ಜೀವ ಬಂತು. ಕಂಟ್ರೋಲ್ ಇಲಿ ಅಂದ್ರೆ ಮಾತ್ರೆ ತಿಂದು ತಲೆ ಕಂಟ್ರೋಲ್‌ಗೆ ಬಂದ ಇಲಿ, ತನ್ನ ಹಾಗೆ! ಉಳಿದವು ಔಷಧಿ ಉಗುಳಿದ ಕಿಲಾಡಿಗಳು ಇರಬೇಕು. ಮನೆಗೆ ಹೋದವನೇ, "ಲೇ, ನಾನು ಕಂಟ್ರೋಲ್ ಕಣೇ! ನನ್ನ ಕಡೆಯಿಂದ ತೊಂದರೆನೇ ಇಲ್ಲ" ಅಂದ.

"ಕಂಟ್ರೋಲ್‌ನಲ್ಲಿರೋರು ಹೀಗೆ ಕುಣೀತಾರಾ?" ಅಂದಳು ಅವಳು, ಸೂಜಿಗೆ ದಾರ ಪೋಣಿಸ್ತಾ.

ಆ ಖುಷಿ ಎರಡನೇ ತಂಡದ ಇಲಿಗಳು ಬರೋ ತನಕ ಬಾಳ್ತು. ವಿದ್ಯಾರ್ಥಿನಿ ರಜೆ ಹಾಕಿದ್ದಳು, ಇಲಿ ಹಿಡ್ಕೊಳ್ಳೋಕೆ ಇವನೇ ನಿಂತ. ಮೇಡಂ ಕೆಲವಕ್ಕೆ ಔಷಧಿ ಕುಡಿಸಿದ್ರು, ಕೆಲವಕ್ಕೆ ಬರೀ ನೀರು.

"ಮೇಡಂ, ಇವಕ್ಕೆ ಔಷಧಿ ಮರೆತ್ರಿ."

"ಇವು ಕಂಟ್ರೋಲ್ ಅಲ್ವಾ ಬೋನಣ್ಣ, ಇವಕ್ಕೆ ನೀರೇ. ಔಷಧಿ ಕುಡಿದವನ್ನ ಇವುಗಳ ಪಕ್ಕ ಇಟ್ಟು ಹೋಲಿಸೋದು."

ಕೈಯಲ್ಲಿದ್ದ ಇಲಿ ಕಚ್ಚಿದ್ದೂ ಅವನಿಗೆ ಗೊತ್ತಾಗಲಿಲ್ಲ. ಹಾಗಾದ್ರೆ ಸೊರಗಿದ್ದು ಔಷಧಿ ಕುಡಿದವುಗಳದ್ದು!

ಅವತ್ತಿಂದ ಮಾತ್ರೆ ಬಂದ್. ಯಾರಿಗೂ ಹೇಳಲಿಲ್ಲ. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ನಿದ್ದೆ ಹೋಯ್ತು, ನಿದ್ದೆ ಹೋದ ದಾರೀಲೇ ದನಿ ವಾಪಸ್ ಬಂತು. ಈ ಸಲ ಬೋನುಗಳ ಕಡೆಯಿಂದ: "ಮುಂದಿನ ತಂಡದಲ್ಲಿ ನಿನ್ನನ್ನೂ ಕೊಯ್ತಾರೆ." ಅವನು ಬೋನುಗಳ ಮೇಲೆಲ್ಲಾ ಬಟ್ಟೆ ಹೊದಿಸಿದ. ಮನೆಯಲ್ಲೂ ಕಪಾಟಿನ ಕಡೆ ತಿರುಗಿ "ಸುಮ್ನಿರ್ರೋ" ಅಂತ ಗದರೋಕೆ ಶುರು ಮಾಡಿದ.

ಹೆಂಡತಿ ಹೊಲಿಗೆ ಮಿಷನ್ ನಿಲ್ಲಿಸಿದಳು. "ರೀ, ಮಾತ್ರೆ ತಗೊಳ್ತಿದ್ದೀರಾ?"

ಅವನು ಗೋಡೆ ನೋಡಿದ, ನೆಲ ನೋಡಿದ, ಕೊನೆಗೆ ಇಲಿ, ನೀರು, ಬೀಜ ಅಂತ ಎಲ್ಲಾ ಒದರಿಬಿಟ್ಟ. "ನಿನಗೆ ಮಗು ಬೇಡ್ವಾ?"

"ಬೇಕು. ಮಗುಗೆ ಅಪ್ಪನೂ ಬೇಕು. ಕಪಾಟಿನ ಜೊತೆ ಜಗಳ ಆಡೋ ಅಪ್ಪನ್ನ ಕಟ್ಕೊಂಡು ಅದೇನು ಮಾಡುತ್ತೆ? ಏಳಿ, ಚಪ್ಪಲಿ ಹಾಕಿ."

ಡಾಕ್ಟ್ರು ನಗಲಿಲ್ಲ. "ನಿಮ್ಮ ಭಯ ಪೂರ್ತಿ ಸುಳ್ಳಲ್ಲ. ಇಲಿಗೆ ಕೊಡೋ ಲೆಕ್ಕ ಬೇರೆ, ಮನುಷ್ಯನ ಲೆಕ್ಕ ಬೇರೆ. ಆದ್ರೂ ಈ ಮಾತ್ರೆ ಕೆಲವರಲ್ಲಿ ಒಂದು ಹಾರ್ಮೋನ್ ಏರಿಸುತ್ತೆ, ಹಾಲೂಡಿಸೋ ತಾಯಂದಿರಲ್ಲಿ ಏರೋವಂಥದು."

"ಅಯ್ಯೋ, ಇವರು ಹಾಲೂಡಿಸೋದಾದ್ರೆ ನನಗೆ ಕೆಲಸ ಕಮ್ಮಿ" ಅಂದಳು ಹೆಂಡತಿ.

ಅದಕ್ಕೆ ಮಾತ್ರ ಡಾಕ್ಟ್ರು ನಕ್ಕರು. ಪರೀಕ್ಷೆ ತನಕ ಹಳೇ ಮಾತ್ರೆನೇ ಮತ್ತೆ ಶುರು ಮಾಡಿಸಿದ್ರು, ಒಂದೆರಡು ವಾರ ಬಿಟ್ಟು ರಕ್ತ ಕೊಟ್ಟದ್ದಾಯ್ತು. ಇನ್ನೊಂದು ಡಬ್ಬಿಗೆ ಬೋನಣ್ಣ ಮೂರು ಸಲ ಬಾಗಿಲ ತನಕ ಹೋಗಿ ಮೂರು ಸಲ ಬೆವರು ಒರೆಸ್ಕೊಂಡು ಬಂದ, ಅದೂ ಆಯ್ತು. ಹಾರ್ಮೋನ್ ಜಾಸ್ತಿ ಇತ್ತು, ವೀರ್ಯಾಣು ಕಮ್ಮಿ ಇತ್ತು.

"ಪೂರ್ತಿ ಬಿಟ್ಬಿಟ್ರೆ, ಸಾರ್?" ಅಂದ ಬೋನಣ್ಣ.

"ಬಿಟ್ಟು ನೋಡಿದ್ರಲ್ಲ. ಬೇರೆ ಮಾತ್ರೆ ಇದೆ, ಈ ತೊಂದರೆ ಅದರಲ್ಲಿ ಕಮ್ಮಿ. ಆದ್ರೆ ಮಗು ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

ಅವನು ಹೆಂಡತಿ ಮುಖ ನೋಡಿದ. "ನನ್ನನ್ನೇನು ನೋಡ್ತೀರಿ? ನುಂಗೋರು ನೀವು."

ಅವನು ಕೈ ಚಾಚಿದ. "ಕೊಡಿ ಸಾರ್. ನುಂಗ್ತೀನಿ."

ಹೊಸ ಮಾತ್ರೆಗೆ ದನಿ ಮೊದಲು ಗೊಣಗ್ತು, ಆಮೇಲೆ ಪಿಸುಗುಟ್ಟಿತು, ಆಮೇಲೆ ಇಲ್ಲ. ಹಾರ್ಮೋನ್ ಇಳೀತು. ವೀರ್ಯಾಣು ಮೊದಲಿಗಿಂತ ಮೇಲು, ಆದ್ರೆ ಇನ್ನೂ ಸಾಲದು ಅಂದ್ರು.

ಒಂದು ಭಾನುವಾರ ಮಧ್ಯಾಹ್ನ ಬೋನಣ್ಣನ ಅಕ್ಕ ಫೋನ್ ಮಾಡಿದಳು. "ಏನಮ್ಮಾ, ಏನಾದ್ರೂ ವಿಶೇಷ ಇದೆಯಾ?"

"ಇದೆ ಅತ್ತಿಗೆ. ನಿಮ್ಮ ತಮ್ಮ ಗೊರಕೆ ಹೊಡೀತಿದ್ದಾರೆ."

"ಅದೂ ಒಂದು ವಿಶೇಷನೇನೇ?"

"ನಮ್ಮ ಮನೇಲಿ ಹೌದು" ಅಂತ ಫೋನ್ ಇಟ್ಟಳು. ಮಿಷನ್ ಸದ್ದಿಗೆ ಅವನು ಏಳಬಾರದು ಅಂತ, ಆವತ್ತು ಅಂಚೆಲ್ಲಾ ಕೈಯಲ್ಲೇ ಹೊಲಿದಳು.