ಹದಿಮೂರನೆಯ ದಿನದ ಗೋಧಿ ಸಸಿ

ನನ್ನ ಕೈ ಸುಮ್ಮನಿರುವ ಕೈಯಲ್ಲ. ಕಂಡದ್ದನ್ನು ಮುಟ್ಟಬೇಕು, ಜೋಡಿಸಬೇಕು, ಚಿವುಟಬೇಕು. “ಬಸು, ಸ್ವಲ್ಪ ಕೈ ಕಟ್ಟಿ ಕೂಡು” ಎಂದು ಗದಗಿನಲ್ಲಿ ನಮ್ಮವ್ವ ಬೈದದ್ದಕ್ಕೆ ಲೆಕ್ಕವಿಲ್ಲ. ಆ ಮಾತು ಕೇಳಿದ್ದರೆ ಮಹೀನಳಿಗೆ ನಾನು ಆ ಅನ್ಯಾಯ ಮಾಡುತ್ತಿರಲಿಲ್ಲ.

ನಾವು ಜರ್ಮನಿಯ ಫೊಯರ್‌ಬಾಕ್‌ಗೆ ಬಂದದ್ದು 2001ರಲ್ಲಿ. ನನ್ನ ಗಂಡ ಚೇತನಕುಮಾರನಿಗೆ ಜರ್ಮನರು ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡು, ನನಗೆ ಅಡುಗೆಮನೆ. ಹೆಂಡತಿ ಕೆಲಸ ಮಾಡುವಂತಿಲ್ಲ ಎಂದು ಪಾಸ್‌ಪೋರ್ಟಿನಲ್ಲೇ ಬರೆದುಕೊಟ್ಟಿದ್ದರು, ಪುಣ್ಯಾತ್ಮರು! ನಮ್ಮ ಮನೆಯ ಕೆಳಗೆ ಹಳೆಯ ಬಟ್ಟೆ ತಿದ್ದಿಕೊಡುವ ಅಂಗಡಿಯೊಂದಿತ್ತು. ಅದರ ಒಡತಿಯೇ ಮಹೀನ್. ಇರಾನಿನ ಕೆರ್ಮಾನ್ ಊರಿನವಳು, ಐವತ್ತೈದರ ಆಸುಪಾಸು, ಒಂಟಿ ಹೆಂಗಸು. ಊರಿನಲ್ಲಿ ಹೆಣ್ಣುಮಕ್ಕಳಿಗೆ ರೇಖಾಗಣಿತ ಕಲಿಸುತ್ತಿದ್ದಳಂತೆ. 1986ರಲ್ಲಿ ಕೆಲಸ ಕಳೆದುಕೊಂಡು, ಗುಡ್ಡ ಹತ್ತಿ ಇಳಿದು, ಟರ್ಕಿಯ ಮೂಲಕ ಇಲ್ಲಿಗೆ ತಪ್ಪಿಸಿಕೊಂಡು ಬಂದಿದ್ದಳು. ವೃತ್ತ ಬರೆಯುತ್ತಿದ್ದ ಕೈ ಇಲ್ಲಿ ಜರ್ಮನರ ಪ್ಯಾಂಟಿನ ಅಂಚು ಮಡಿಸುತ್ತಿತ್ತು. ನಾವು ಬರುವ ಹೊತ್ತಿಗೆ ಆಕೆ ಹೆತ್ತ ತಾಯಿಯ ಮುಖ ನೋಡಿ ಹದಿನೈದು ವರ್ಷವಾಗಿತ್ತು.

ಆನ್‌ಮೆಲ್ಡುಂಗ್ ಎಂಬ ವಿಳಾಸ ನೋಂದಣಿಯ ಕಚೇರಿಗೆ ನನ್ನ ಕೈಹಿಡಿದು ಕರೆದುಕೊಂಡು ಹೋದವಳು ಆಕೆ. ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದು ನನಗೆ ಜರ್ಮನ್ ಕಲಿಸಿದವಳೂ ಆಕೆಯೇ. ಅಕ್ಕ ಇಲ್ಲದ ನನಗೆ ಆಕೆ ಅಕ್ಕನಾಗಿದ್ದಳು, ಮುಚ್ಚುಮರೆ ಯಾಕೆ?

ಮಾರ್ಚ್ ಬಂತೆಂದರೆ ಅವರ ಹೊಸ ವರ್ಷ ನೌರೋಜ್. ನಮ್ಮ ಯುಗಾದಿಯಂತೆ ಬೆಳಗಾದ ಕೂಡಲೇ ಬರುವುದಲ್ಲ. ಹಗಲು ರಾತ್ರಿ ಸಮವಾಗುವ ಗಳಿಗೆಗೆ, ನಿಮಿಷ ಹಿಡಿದು ಬರುತ್ತದೆ. ಆ ಗಳಿಗೆಯಲ್ಲಿ ಯಾರ ಜೊತೆ ಇರುತ್ತೀಯೋ ವರ್ಷವಿಡೀ ಅವರ ಜೊತೆ ಇರುತ್ತೀ ಎಂದು ಅವರ ನಂಬಿಕೆ. ಅದಕ್ಕೇ ಮಹೀನ್ ಕನ್ನಡಿ, ಸೇಬು, ಬೆಳ್ಳುಳ್ಳಿ, ಗಾಜಿನ ಬಟ್ಟಲಲ್ಲಿ ಬಂಗಾರದ ಬಣ್ಣದ ಮೀನು, ತಟ್ಟೆಯಲ್ಲಿ ಮೊಳೆಸಿದ ಗೋಧಿ ಸಸಿ ಎಲ್ಲ ಮೇಜಿನ ಮೇಲೆ ಹೊಂದಿಸಿ, ಕೆರ್ಮಾನಿಗೆ ಫೋನ್ ಹಚ್ಚಿ ಕೂರುತ್ತಿದ್ದಳು. ಗಳಿಗೆ ತಿರುಗುವಾಗ ತಾಯಿಯೂ ಮಾತಾಡುತ್ತಿರಲಿಲ್ಲ, ಮಗಳೂ ಮಾತಾಡುತ್ತಿರಲಿಲ್ಲ. ಇಬ್ಬರ ಉಸಿರು ಇಬ್ಬರಿಗೆ ಕೇಳಿದರೆ ಸಾಕಿತ್ತು.

2004ರಲ್ಲಿ ಆ ಗಳಿಗೆ ಶನಿವಾರ ಬೆಳಗ್ಗೆ ಎಂಟಕ್ಕೆ ಸ್ವಲ್ಪ ಮೊದಲು ಬಂತು. ನಾನೂ ಐದು ವರ್ಷದ ಮಗಳು ಕೀರ್ತಿಯೂ ಆಕೆಯ ಪಕ್ಕದಲ್ಲೇ ಕೂತಿದ್ದೆವು. ಆ ಚಳಿಗಾಲದಲ್ಲಿ ಆಕೆಗೆ ಕೊನೆಗೂ ಜರ್ಮನ್ ಪಾಸ್‌ಪೋರ್ಟ್ ಸಿಕ್ಕಿತ್ತು. ತಾಯಿಯನ್ನು ನೋಡಲು ಏಪ್ರಿಲ್ ಮೂರಕ್ಕೆ ವಿಮಾನ. ಚರ್ಚಿನ ಶಾಸ್ತ್ರಕ್ಕೆಂದು ಹುಡುಗಿಯರ ಬಿಳಿ ಉಡುಪುಗಳನ್ನು ಹೊಲಿಯಲು ಒಪ್ಪಿಕೊಂಡಿದ್ದಳು, ಮುಗಿಸದೆ ಹೋಗುವಂತಿರಲಿಲ್ಲ. “ಅಮ್ಮ ಏನಂದರು?” ಎಂದೆ. “ಏನೂ ತರಬೇಡ, ನೀನು ಬೇಗ ಬಾ ಅಂದಳು” ಎಂದು ಮಹೀನ್ ಕಣ್ಣೊರೆಸಿಕೊಂಡಳು. ಮರುದಿನ ನಮ್ಮ ಯುಗಾದಿಯ ಬೇವುಬೆಲ್ಲ ಕೊಟ್ಟರೆ ಮುಖ ಕಿವುಚಿ ಕೀರ್ತಿಯನ್ನು ನಗಿಸಿದಳು.

ನೌರೋಜ್‌ನ ಹದಿಮೂರನೆಯ ದಿನ, ಏಪ್ರಿಲ್ ಒಂದು, ಗುರುವಾರ, ಹನ್ನೊಂದು ಗಂಟೆಗೆ ನಾನೂ ಕೀರ್ತಿಯೂ ಅಂಗಡಿಗೆ ಇಳಿದೆವು. ಮಹೀನ್ ನಮಗೆ ಬೆನ್ನು ಹಾಕಿ ಹೊಲಿಯುತ್ತಿದ್ದಳು. ಸಸಿಯ ತಟ್ಟೆ ಕಟ್ಟೆಯ ಮೇಲಿತ್ತು, ಗೇಣುದ್ದ ಬೆಳೆದಿತ್ತು. ನಮ್ಮ ಕಡೆ ಮಹಾನವಮಿಗೆ ಘಟ ಹಾಕಿ ಇಂಥದೇ ಸಸಿ ಬೆಳೆಸುತ್ತೇವೆ. ಹಬ್ಬದ ಕೊನೆಗೆ ಕಿತ್ತು ಗಂಡಸರು ಟೊಪ್ಪಿಗೆಗೆ, ಹೆಂಗಸರು ತುರುಬಿಗೆ ಸಿಕ್ಕಿಸಿಕೊಳ್ಳುತ್ತೇವೆ, ದೇವಿಯ ಪ್ರಸಾದವೆಂದು. ದೂರದ ಪ್ರಯಾಣಕ್ಕೆ ಹೊರಟವಳಿಗೆ ಒಳ್ಳೆಯದಾಗಲಿ ಎಂದು ನಾನು ಒಂದು ಹಿಡಿ ಕಿತ್ತೆ. ಮೊದಲು ಕೀರ್ತಿಯ ಜಡೆಗೆ ಸಿಕ್ಕಿಸಿದೆ.

“ಮಾಮಾ, ಡಾರ್ಫ್ ಮನ್ ದಾಸ್?” ಎಂದಿತು ಮಗು. ಅಮ್ಮಾ, ಹೀಗೆ ಮಾಡಬಹುದಾ ಎಂದು. ಮಕ್ಕಳಿಗಿರುವ ಬುದ್ಧಿ ನನಗಿರಲಿಲ್ಲ. ಹಿಂದಿನಿಂದ ಹೋಗಿ ಮಹೀನಳ ಕೂದಲಿಗೂ ಸಿಕ್ಕಿಸಿದೆ.

ಆಕೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಊದಿತ್ತು. ಎದ್ದು ಬಂದು ಮೊದಲು ಕೀರ್ತಿಯ ಜಡೆಯಿಂದ ಸಸಿ ತೆಗೆದಳು.

“ಇವತ್ತು ಹದಿಮೂರನೆಯ ದಿನ, ಬಸು. ಮನೆಯ ರೋಗ, ಕೇಡು ಎಲ್ಲ ಈ ಸಸಿಗೆ ಸೇರಿಕೊಂಡಿರುತ್ತದೆ. ಹರಿಯುವ ನೀರಿಗೆ ಬಿಡಬೇಕು. ಬೇರೆಯವರು ಮುಟ್ಟಬಾರದು.”

ಆಕೆ ನಗಲು ನೋಡಿದಳು. “ನಾನು ಲೆಕ್ಕದ ಟೀಚರ್, ಇದನ್ನೆಲ್ಲ ನಂಬುವವಳಲ್ಲ. ಈಗ ಮನೆಗೆ ಹೋಗು.”

ಹೋದೆ. ಮರುದಿನ ಅಂಗಡಿಯ ಗಾಜಿಗೆ ಚೀಟಿ ಅಂಟಿಸಿತ್ತು: ಸಾವಿನ ನಿಮಿತ್ತ ಮುಚ್ಚಿದೆ. ಯಾರ ಸಾವು ಎಂದು ಪಕ್ಕದ ಬೇಕರಿಯವಳನ್ನು ಕೇಳಿದೆ. ಮಹೀನಳ ತಾಯಿ ಎಂದಳು.

ನಾನು ಕೊಂದೆ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಹದಿನೆಂಟು ವರ್ಷ ಕಾದವರಿಗೆ ಇನ್ನೆರಡೇ ದಿನ ಉಳಿದಿತ್ತು!

“ಹುಚ್ಚಿ ಅದಿ ಏನ? ಎಂಬತ್ತೈದರ ಮುದುಕಿ ಆಕಿ. ಸಸಿ ಕಿತ್ರ ಯಾರರ ಸಾಯ್ತಾರೇನು? ಬಂದ ಮ್ಯಾಲೆ ಹೋಗಿ ಮಾತಾಡ್ಸು” ಎಂದ ಚೇತನ.

“ನೀವು ಸುಮ್ಕಿರ್ರಿ. ಯಾವ ಮಾರಿ ಹೊತ್ತು ಹೋಗ್ಲಿ?” ಎಂದೆ.

ಮೇ ತಿಂಗಳಲ್ಲಿ ಮಹೀನ್ ಕೆರ್ಮಾನಿನಿಂದ ಹಿಂದಿರುಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕಸದ ಡಬ್ಬಿಗಳ ಕಡೆಯ ಹಿಂಬಾಗಿಲಿನಿಂದ ಓಡಾಡತೊಡಗಿದೆ. ಒಮ್ಮೆ ಮೆಟ್ಟಿಲ ಮೇಲೆ ಎದುರಾಗಿ “ಬಸು” ಎಂದಳು. ಟ್ರಾಮ್ ತಪ್ಪುತ್ತದೆ ಎಂದು ಸುಳ್ಳು ಹೇಳಿ ಓಡಿದೆ. ಇನ್ನೊಮ್ಮೆ ನಮ್ಮ ಬಾಗಿಲ ಹಿಡಿಕೆಗೆ ಕೆರ್ಮಾನಿನ ಪಿಸ್ತಾದ ಪೊಟ್ಟಣ ತೂಗುಹಾಕಿದ್ದಳು. ಅದನ್ನು ಬಾಯಿಗಿಡುವ ಧೈರ್ಯ ನನಗೆ ಬರಲಿಲ್ಲ.

ಶರತ್ಕಾಲಕ್ಕೆ ಚೇತನನ ಕೆಲಸ ಹೋಯಿತು. ಕೆಲಸವಿಲ್ಲದೆ ಇಲ್ಲಿ ಇರುವಂತಿಲ್ಲ. ವಿಜಯದಶಮಿ ಕಳೆದ ಮೇಲಿನ ಬುಧವಾರಕ್ಕೆ ಊರಿಗೆ ಟಿಕೆಟ್ ಆಯಿತು. “ಆಕಿಗೆ ಹೇಳಲಾರ್ದ ಹೋದ್ರ ನನ್ನ ಕೂಡ ಮಾತಾಡಬ್ಯಾಡ” ಎಂದ ಗಂಡ. ಶುಕ್ರವಾರ, ಹಬ್ಬದ ದಿನವೇ, ಖಾಲಿ ಕೈಯಲ್ಲಿ ಅಂಗಡಿಗೆ ಹೋದೆ. ನಿಂತಲ್ಲೇ ಎಲ್ಲವನ್ನೂ ಅಳುತ್ತ ಹೇಳಿದೆ.

ಮಹೀನ್ ಮಷಿನ್ ನಿಲ್ಲಿಸಿದಳು. “ಅವತ್ತು ನೀನು ಎಷ್ಟು ಗಂಟೆಗೆ ಬಂದಿದ್ದೆ?”

“ಹನ್ನೊಂದಕ್ಕೆ.”

“ಫೋನ್ ಬಂದದ್ದು ಬೆಳಗ್ಗೆ ಆರಕ್ಕೆ. ನೀನು ಬರುವ ಹೊತ್ತಿಗೆ ನನ್ನ ತಾಯಿ ಇರಲಿಲ್ಲ, ಬಸು.”

“ಯಾಕೆ ಹೇಳಲಿಲ್ಲ?” ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

“ಮಗು ಎದುರಿಗಿತ್ತು. ಊರಿಂದ ಬಂದ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ನೀನು ಬರಲೇ ಇಲ್ಲ. ಸಾವಾದ ಮನೆಗೆ ಬರಬಾರದು ಅಂತ ನಿಮ್ಮಲ್ಲಿ ಏನೋ ಪದ್ಧತಿ ಇರಬೇಕು ಅಂದುಕೊಂಡೆ. ಎಷ್ಟು ದಿನದ್ದು ಅಂತ ಗೊತ್ತಿರಲಿಲ್ಲ. ನಮ್ಮಲ್ಲಿ ನಲವತ್ತು. ನಲವತ್ತು ಕಾದೆ. ನಿಮ್ಮಲ್ಲಿ ನೂರು ಇರಬಹುದು ಅಂತ ನೂರು ಕಾದೆ.”

ನಮ್ಮ ಪದ್ಧತಿಯಲ್ಲಿ ಸಾವಾದ ಮನೆಗೆ ಮೊದಲು ಓಡಿ ಹೋಗುವುದೇ ನೆರೆಯವರು, ಒಲೆ ಹೊತ್ತದ ಆ ಮನೆಗೆ ಬುತ್ತಿ ಹೊತ್ತುಕೊಂಡು.

“ಯಾವಾಗ ಹೊರಡುವುದು?” ಎಂದಳು.

“ಬುಧವಾರ.”

ಆಕೆ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ನೆಲಕ್ಕೆ ಸರಿಸಿದಳು. “ಇನ್ನೂ ಐದು ದಿನ ಇದೆ. ಕೂತುಕೋ.”